ಬೀಟಿನ ಪೊಲೀಸಪ್ಪನೂ ದೊಡ್ಡ ಕೇಸುಗಳೂ

ಮೇಟಗಳ್ಳಿ ಪಕ್ಕದ ಲೋಕನಾಯಕನಗರದಲ್ಲಿ 2022ರಲ್ಲಿ ಒಬ್ಬ ಯುವಕ ಒಂದು ರೂಮು ಬಾಡಿಗೆಗೆ ಹಿಡಿದ. ಮೊಬೈಲ್ ರಿಪೇರಿ ಕಲಿಯುವುದಕ್ಕೆ ಊರಿಂದ ಬಂದಿದ್ದೇನೆ ಅಂದಿದ್ದ. ಆಧಾರ್ ಕಾರ್ಡ್ ಕೊಟ್ಟ, ಬಾಡಿಗೆ ಕರಾರೂ ಆಯಿತು. ಆ ವರ್ಷ ನವೆಂಬರ್ 19ರ ಸಂಜೆ ಮಂಗಳೂರಿನಲ್ಲಿ ಓಡುತ್ತಿದ್ದ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿದು, ಚಾಲಕನಿಗೂ ಹಿಂದೆ ಕೂತಿದ್ದವನಿಗೂ ಮೈ ಸುಟ್ಟಿತು. ಹಿಂದೆ ಕೂತಿದ್ದವನು ಇವನೇ ಎಂದು ಪೊಲೀಸರು ಹೇಳಿದರು. ಮರುದಿನ ಲೋಕನಾಯಕನಗರದ ಬೀದಿಗೆ ಬಾಂಬ್ ನಿಷ್ಕ್ರಿಯ ದಳ ಬಂತು, ವಿಧಿವಿಜ್ಞಾನದವರು ಬಂದರು, ಟಿವಿಯವರೂ ಬಂದರು. ಆ ಆಧಾರ್ ಕಾರ್ಡ್ ಇನ್ಯಾರೋ ಕಳೆದುಕೊಂಡದ್ದು ಎಂದು ಆಮೇಲೆ ಗೊತ್ತಾಯಿತು.

ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ಅಲ್ಲಿಂದ ಲೋಕನಾಯಕನಗರ ದೂರವೇನಿಲ್ಲ. ನಾನು ಮೈಸೂರು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೂ ಕೊಟ್ಟಿದ್ದೇನೆ. ಹಾಗಾಗಿ ಈ ವಿಷಯ ನನಗೆ ಎರಡು ಕಡೆಯಿಂದಲೂ ಬಂದು ತಾಕುತ್ತದೆ. ಪೊಲೀಸರ ಕೆಲಸ ಹೇಗೆ ಬದಲಾಗುತ್ತಿದೆ, ಭಯೋತ್ಪಾದನೆಯ ಹೆಸರಿನಲ್ಲಿ ಠಾಣೆಗೆ ಏನು ಸೇರಿತು, ಠಾಣೆಯಿಂದ ಏನು ಹೋಯಿತು ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಆ ಸ್ಫೋಟದ ನಂತರ ನಗರದಲ್ಲಿ ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಲೇಬೇಕು ಎಂಬ ಸೂಚನೆ ಬಂತು. ಫಾರಂ ತುಂಬಿ, ಫೋಟೋ ಅಂಟಿಸಿ, ಗುರುತಿನ ಚೀಟಿಯ ಜೆರಾಕ್ಸ್ ಇಟ್ಟು, ಠಾಣೆಗೆ ಹೋಗಿ ಕೊಟ್ಟು ಬರುವುದು. ನಾನೂ ಕೊಟ್ಟೆ. ತಪ್ಪೇನೂ ಇಲ್ಲ. ಆದರೆ ಒಂದು ಮಾತು ಯೋಚಿಸಿ ನೋಡಿ. ಲೋಕನಾಯಕನಗರದ ಆ ರೂಮಿನ ಮಾಲೀಕರು ಅವತ್ತೇ ಇಂಥ ಫಾರಂ ತುಂಬಿ ಕೊಟ್ಟಿದ್ದರೂ ಕಾಗದದಲ್ಲಿ ಏನು ಸಿಗುತ್ತಿತ್ತು? ಕಾರ್ಡು ಅಸಲಿ. ನಂಬರು ಅಸಲಿ. ಕಾರ್ಡಿನಲ್ಲಿರುವ ಮನುಷ್ಯನ ಮೇಲೆ ಯಾವ ಕೇಸೂ ಇಲ್ಲ. ಫಾರಂ ತೆಗೆದುಕೊಂಡವರು ಸೀಲು ಹಾಕಿ ಕಳಿಸುತ್ತಿದ್ದರು.

ಆರೋಪಿಯೇನೂ ಪೊಲೀಸರಿಗೆ ಹೊಸಬನಲ್ಲ. 2020ರಲ್ಲಿ ಮಂಗಳೂರಿನ ಗೋಡೆಗಳ ಮೇಲೆ ಉಗ್ರರ ಪರ ಬರಹ ಬರೆದ ಕೇಸಿನಲ್ಲಿ ಅವನು ಬಂಧನವಾಗಿ ಜಾಮೀನಿನ ಮೇಲೆ ಹೊರಗಿದ್ದ. 2022ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಪೊಲೀಸರು ದಾಖಲಿಸಿದ ಇನ್ನೊಂದು ಕೇಸಿನಲ್ಲಿ ಬೇಕಾಗಿದ್ದ. ಫೋಟೋ ಇತ್ತು, ಹೆಸರಿತ್ತು, ಊರಿತ್ತು. ದೇಶದ ಠಾಣೆಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಸಿಸಿಟಿಎನ್‌ಎಸ್ ಎಂಬ ಕಂಪ್ಯೂಟರ್ ಜಾಲವೂ ಇತ್ತು. ಆದರೂ ಮೈಸೂರಿನ ಒಂದು ಬೀದಿಯಲ್ಲಿ ಅವನು ಬೇರೆ ಹೆಸರಿನಲ್ಲಿ ಓಡಾಡಿಕೊಂಡಿದ್ದ. ಜಾಲದಲ್ಲಿರುವ ಮುಖವೂ ಬೀದಿಯಲ್ಲಿರುವ ಮುಖವೂ ಒಂದೇ ಅಂತ ಗುರುತಿಸಬೇಕಾದ್ದು ಒಬ್ಬ ಮನುಷ್ಯ. ಆ ಬೀದಿಯಲ್ಲಿ ದಿನಾ ಓಡಾಡುವ, ಹೊಸದಾಗಿ ಯಾರು ಬಂದರು ಅಂತ ಅಂಗಡಿಯವರ ಹತ್ತಿರ ನಿಂತು ಕೇಳುವ ಒಬ್ಬ ಪೊಲೀಸಪ್ಪ.

ನಾನು ಹುಟ್ಟಿ ಬೆಳೆದದ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಎಂಬತ್ತರ ದಶಕದಲ್ಲಿ ನಮ್ಮೂರಿಗೆ ಬೀಟ್ ಪೊಲೀಸರೊಬ್ಬರು ಸೈಕಲ್ ಮೇಲೆ ಬರುತ್ತಿದ್ದರು. ಬಂದವರು ನಮ್ಮ ಜಗಲಿ ಮೇಲೆ ಕೂರುವರು. ಅವ್ವ ಮಜ್ಜಿಗೆ ಕೊಡುವಳು. ಅಪ್ಪನ ಹತ್ತಿರ ಬೆಲ್ಲದ ರೇಟು, ನಾಲೆಯಲ್ಲಿ ನೀರು ಬಿಟ್ಟದ್ದು, ಯಾರ ಮಗಳ ಮದುವೆ ಅಂತೆಲ್ಲ ಮಾತಾಡಿ, ಎದ್ದು ಹೋಗುವ ಮೊದಲು ಒಂದೇ ಒಂದು ಮಾತು ಕೇಳುವರು: ‘ಗೌಡ್ರೇ, ಆಲೆಮನೆಗೆ ಹೊಸಬ್ರು ಯಾರಾರ ಬಂದವ್ರಾ?’ ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಗಳಿಗೆ ಹೊರಗಿನ ಕೆಲಸಗಾರರು ಬರುತ್ತಿದ್ದರು. ಅಪ್ಪ ಗೊತ್ತಿದ್ದದ್ದು ಹೇಳುತ್ತಿದ್ದರು. ಅದಕ್ಕೆ ಫಾರಂ ಇರಲಿಲ್ಲ. ಅವರ ಕಿಸೆಯಲ್ಲಿ ಸಣ್ಣ ಪುಸ್ತಕ ಇರುತ್ತಿತ್ತು, ಕೆಲವು ಸಲ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪೊಲೀಸಪ್ಪ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಕೋಳಿ ಹಿಡಿದುಕೊಂಡು ಹೋದದ್ದನ್ನೂ ನೋಡಿದ್ದೇನೆ, ಬಡವರಿಗೆ ಒದ್ದದ್ದನ್ನೂ ಕೇಳಿದ್ದೇನೆ. ಆದರೆ ಊರು ಅವರಿಗೆ ಗೊತ್ತಿತ್ತು. ಊರಿಗೂ ಅವರು ಗೊತ್ತಿದ್ದರು.

ಊರಿನವರು ಪೊಲೀಸರೊಂದಿಗೆ ಮಾತಾಡುವುದನ್ನೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆಯಿದೆ. ಇವತ್ತಿನ ಹುಡುಗರಿಗೆ ಅದು ಗೊತ್ತಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಹತ್ತಿರ ಕಾಡುಗಳ್ಳ ವೀರಪ್ಪನ್ ಗುಂಪು ಹುಗಿದಿಟ್ಟಿದ್ದ ನೆಲಬಾಂಬು ಸಿಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿ ಕೊಡಲು ಜೊತೆಗೆ ಹೋಗಿದ್ದ ಊರವರು, ಎಲ್ಲರೂ ಅದರಲ್ಲಿದ್ದರು. ಅದಕ್ಕೂ ಹಿಂದಿನ ವರ್ಷ ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಅವರನ್ನು ಇದೇ ಗುಂಪು ಹೊಂಚು ಹಾಕಿ ಕೊಂದಿತ್ತು. ಪೊಲೀಸರ ಸಿಟ್ಟು, ದುಃಖ ಎರಡೂ ನ್ಯಾಯವಾದದ್ದೇ. ಆದರೆ ಆಮೇಲೆ ನಡೆದದ್ದು ಬೇರೆ. ಆಗ ಇಡೀ ಆ ಸೀಮೆ ಮೈಸೂರು ಜಿಲ್ಲೆಯೇ, ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಕಾಡಂಚಿನ ಹಳ್ಳಿಗಳಿಂದ ಗಂಡಸರು ಹೆಂಗಸರನ್ನು ಎತ್ತಿಕೊಂಡು ಹೋಗಿ, ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಎಂಬ ಭಯೋತ್ಪಾದನೆ ತಡೆ ಕಾನೂನು ಹಾಕಿದರು. ಟಾಡಾದ 15ನೇ ಕಲಂ ಪ್ರಕಾರ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತಿತ್ತು. ಮಾಮೂಲಿ ಕಾನೂನಿನಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಆ ಬೆಲೆ ಇಲ್ಲ, ಯಾಕಿಲ್ಲ ಎಂಬುದನ್ನು ವಿವರಿಸಬೇಕಾಗಿಲ್ಲ.

ನಾನು ಸನ್ನದು ಪಡೆದು ಸೀನಿಯರ್ ಒಬ್ಬರ ಹತ್ತಿರ ಸೇರಿದ ಹೊಸತರಲ್ಲಿ ಆ ಕೇಸು ಮೈಸೂರಿನ ಟಾಡಾ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. 1995ರಲ್ಲೇ ಟಾಡಾ ಕಾನೂನಿನ ಅವಧಿ ಮುಗಿದುಹೋಗಿತ್ತು, ಒಳಗಿದ್ದವರು ಮಾತ್ರ ಒಳಗೇ ಇದ್ದರು. ನಮ್ಮ ಆಫೀಸಿನದು ಆ ಕೇಸಲ್ಲ, ಆದರೆ ವಿಚಾರಣೆ ನೋಡಲು ಹೋಗುತ್ತಿದ್ದೆ. ಹೂಗ್ಯಂ ಕಡೆಯ ಒಬ್ಬ ಅಜ್ಜಿ ಮಗನನ್ನು ನೋಡಲು ಬಂದು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಒಂದು ದಿನ ಮಾತಾಡಿಸಿದೆ. ಅವಳು ಅಂದದ್ದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ: ‘ಕಾಡಿಂದ ಬಂದೋರು ಅಕ್ಕಿ ಕೇಳುದ್ರು ಕನವ್ವ. ಕೊಡ್ನಿಲ್ಲ ಅಂದ್ರೆ ಅವ್ರು ಬುಡಾಕಿಲ್ಲ. ಕೊಟ್ಟೋ ಅಂತ ಇವ್ರು ಬುಡ್ನಿಲ್ಲ. ನಾವ್ ಯಾರ್ಗೆ ಏಳವ?’

2001ರಲ್ಲಿ ತೀರ್ಪು ಬಂದಾಗ ಬಹುತೇಕರು ಖುಲಾಸೆಯಾದರು. ಎಂಟು ವರ್ಷದ ಹತ್ತಿರ ಜೈಲು ಆಗಿತ್ತು. ಕೆಲವರಿಗೆ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿ, 2014ರಲ್ಲಿ ದಯಾ ಅರ್ಜಿಯ ವಿಳಂಬದ ಕಾರಣಕ್ಕೆ ಅದನ್ನು ಜೀವಾವಧಿಗೆ ಇಳಿಸಿತು. ಕರ್ನಾಟಕ, ತಮಿಳುನಾಡು ಎರಡೂ ಕಡೆಯ ವಿಶೇಷ ಕಾರ್ಯಪಡೆಗಳು ನಡೆಸಿದ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಆ ಕೇಸು ನಡೆದ ಅಷ್ಟೂ ವರ್ಷ ಎರಡು ರಾಜ್ಯಗಳ ಪಡೆ ಕಾಡಿನಲ್ಲಿ ಅಲೆದರೂ ವೀರಪ್ಪನ್ ಸಿಕ್ಕಿರಲಿಲ್ಲ. ಅವನು ಸತ್ತದ್ದು 2004ರ ಅಕ್ಟೋಬರ್‌ನಲ್ಲಿ, ಕಾಡಿನ ಹೊರಗೆ. ಅಜ್ಜಿಯ ಪ್ರಶ್ನೆಗೆ ಉತ್ತರವಿಲ್ಲದಿದ್ದದ್ದೇ ಅದಕ್ಕೊಂದು ಕಾರಣ ಅಂತ ನಾನು ನಂಬಿದ್ದೇನೆ. ಹೇಳಬೇಕಾದವರಿಗೆ ಹೇಳುವ ಜಾಗವೇ ಇರಲಿಲ್ಲ.

ಇದನ್ನು ಬರೆದರೆ ಪೊಲೀಸರ ವಿರುದ್ಧ ಅಂತ ತಿಳಿಯುವವರು ಇರುತ್ತಾರೆ. ಹಾಗಲ್ಲ. 2006ರ ಅಕ್ಟೋಬರ್ ಕೊನೆಯಲ್ಲಿ ಮೈಸೂರಿನಲ್ಲಿ ರಾತ್ರಿ ಗುಂಡಿನ ಚಕಮಕಿ ನಡೆಸಿ ಇಬ್ಬರು ಪಾಕಿಸ್ತಾನಿ ಶಂಕಿತ ಉಗ್ರರನ್ನು ಜೀವಂತವಾಗಿ ಸೆರೆ ಹಿಡಿದವರು ನಮ್ಮ ನಗರ ಪೊಲೀಸರು. ಆಗ ಎನ್‌ಐಎ ಎಂಬ ರಾಷ್ಟ್ರೀಯ ತನಿಖಾ ಸಂಸ್ಥೆ ಇನ್ನೂ ಹುಟ್ಟಿರಲಿಲ್ಲ. ಎರಡು ವರ್ಷದ ನಂತರ ಮುಂಬಯಿ ದಾಳಿಯಲ್ಲಿ ಕಸಬ್‌ನನ್ನು ಗಿರ್ಗಾಂವ್ ಚೌಪಾಟಿಯಲ್ಲಿ ತಡೆದು, ಅವನ ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುಂಡು ತಿಂದ ತುಕಾರಾಂ ಓಂಬ್ಳೆ ಒಬ್ಬ ಎಎಸ್‌ಐ. ಅವರ ಹತ್ತಿರ ಇದ್ದದ್ದು ಲಾಠಿ. ಅವರಿಗೆ ಅಶೋಕ ಚಕ್ರ ಬಂತು. ಆ ದಾಳಿಯ ನಂತರ ದೇಶ ಕಟ್ಟಿದ್ದು ಮಾತ್ರ ಬಹುಪಾಲು ಮೇಲಿನ ಮಹಡಿಗಳನ್ನು. 2008ರ ಡಿಸೆಂಬರ್‌ನಲ್ಲೇ ಎನ್‌ಐಎ ಕಾಯ್ದೆ ಬಂತು. ಮುಂಬಯಿ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಎನ್‌ಎಸ್‌ಜಿ ಎಂಬ ಕೇಂದ್ರ ಸರ್ಕಾರದ ಕಮಾಂಡೊ ಪಡೆಯ ಕೇಂದ್ರಗಳಾದವು. ನಮ್ಮ ರಾಜ್ಯದಲ್ಲಿ ಆಂತರಿಕ ಭದ್ರತಾ ವಿಭಾಗ ಬೆಳೆಯಿತು, ಬೆಂಗಳೂರಿನ ಕೂಡ್ಲುವಿನಲ್ಲಿ ಭಯೋತ್ಪಾದನೆ ನಿಗ್ರಹದ ತರಬೇತಿ ಕೇಂದ್ರ, ಗರುಡ ಕಮಾಂಡೊ ಪಡೆ ಎಲ್ಲ ಆಯಿತು. ಇವೆಲ್ಲ ಬೇಕು. ಆದರೆ ಬುಡದಲ್ಲಿ ಠಾಣೆ ಇದೆಯಲ್ಲ, ಓಂಬ್ಳೆಯವರಂಥವರು ಕೆಲಸ ಮಾಡುವ ಜಾಗ, ಅದರ ಸ್ಥಿತಿ ಬದಲಾಗಲಿಲ್ಲ.

ಎನ್‌ಐಎ ಯಾಕೆ ಬೇಕು ಎಂಬುದನ್ನು ನಾನು ನಮ್ಮ ಕೋರ್ಟಿನಲ್ಲೇ ಕಂಡೆ. 2016ರ ಆಗಸ್ಟ್ 1, ಸೋಮವಾರ. ಸಂಜೆ ನಾಲ್ಕು ದಾಟಿತ್ತು. ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಮೊದಲಿಗೆ ಯಾರೋ ಟ್ರಾನ್ಸ್‌ಫಾರ್ಮರ್ ಅಂದರು. ಆಮೇಲೆ ಕಿಟಕಿ ಗಾಜಿನ ಚೂರು, ಸುಟ್ಟ ವಾಸನೆ, ಓಡಿ ಬಂದ ಪೊಲೀಸರು. ಪ್ರಾಣ ಹಾನಿ ಆಗಲಿಲ್ಲ, ದೇವರು ದೊಡ್ಡವನು. ನಮ್ಮ ಪೊಲೀಸರ ಕೈಯಲ್ಲಿದ್ದದ್ದು ಒಂದು ಸಣ್ಣ ಸ್ಫೋಟ. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ಚಿತ್ತೂರಿನ ಕೋರ್ಟು, ಜೂನ್‌ನಲ್ಲಿ ಕೊಲ್ಲಂನ ಕಲೆಕ್ಟರೇಟ್, ನಮ್ಮ ನಂತರ ಸೆಪ್ಟೆಂಬರ್‌ನಲ್ಲಿ ನೆಲ್ಲೂರು, ನವೆಂಬರ್‌ನಲ್ಲಿ ಮಲಪ್ಪುರಂ. ಎಲ್ಲವೂ ಒಂದೇ ಬಗೆ. ಮೂರು ರಾಜ್ಯ, ಐದು ಊರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ದಾರಿ ಮದುರೈ ಕಡೆಗೆ ಹೋಯಿತು. ನವೆಂಬರ್ ಕೊನೆಗೆ ಎನ್‌ಐಎ ಬಂಧನಗಳಾದವು, 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ನ್ಯಾಯಾಲಯದ ನೆರಳಿನಲ್ಲಿ ಅನ್ನ ತಿನ್ನುವವಳಾಗಿ ನನಗೆ ಆ ತೀರ್ಪು ಮುಖ್ಯ. ಬಾಂಬ್ ಇಟ್ಟವರಿಗೂ ವಕೀಲರು ಸಿಕ್ಕರು, ಸಾಕ್ಷಿ ವಿಚಾರಣೆಯಾಯಿತು, ಅದಾದ ಮೇಲೆ ಶಿಕ್ಷೆಯಾಯಿತು.

ಆ ಸೆಪ್ಟೆಂಬರ್ ತಿಂಗಳನ್ನು ಇನ್ನೊಂದು ಕಾರಣಕ್ಕೂ ನೆನೆಯುತ್ತೇನೆ. ನೆಲ್ಲೂರಿನಲ್ಲಿ ಅದೇ ಗುಂಪು ಬಾಂಬ್ ಇಟ್ಟ ಆ ದಿನಗಳಲ್ಲಿ ಮಂಡ್ಯ, ಮೈಸೂರಿನ ಪೊಲೀಸರೆಲ್ಲ ಎಲ್ಲಿದ್ದರು? ಹೆದ್ದಾರಿಯ ಮೇಲೆ, ಕೆಆರ್‌ಎಸ್ ಗೇಟಿನ ಮುಂದೆ, ಕಾವೇರಿ ನೀರಿನ ಪ್ರತಿಭಟನೆಯ ಬಂದೋಬಸ್ತಿನಲ್ಲಿ. ಆ ಸಿಟ್ಟು ನಮ್ಮದೇ, ನಮ್ಮ ಅಪ್ಪಂದಿರದ್ದೇ, ಅದನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಠಾಣೆಗಳು ಮಾತ್ರ ಖಾಲಿ. ಕಾವೇರಿ ಮುಗಿದರೆ ದಸರಾ. ದಸರಾ ಅಂದರೆ ಬೇರೆ ಬೇರೆ ಜಿಲ್ಲೆಗಳಿಂದ ಪೊಲೀಸರು ಬಂದು ಛತ್ರ, ಶಾಲೆಗಳಲ್ಲಿ ಮಲಗುತ್ತಾರೆ. ಅರಮನೆಯಿಂದ ಬನ್ನಿಮಂಟಪದವರೆಗೂ ರಸ್ತೆಯ ಎರಡು ಬದಿ ನಿಂತೇ ಇರುತ್ತಾರೆ, ಶ್ವಾನದಳ ಪ್ರತಿ ಬ್ಯಾರಿಕೇಡಿನ ಹತ್ತಿರ ಮೂಸಿಕೊಂಡು ಹೋಗುತ್ತದೆ. ಅವರ ಊರಿನ ಠಾಣೆಗಳಲ್ಲಿ ಆಗ ಬೀಟ್ ಯಾರು ಮಾಡುತ್ತಾರೆ? ಚುನಾವಣೆ, ಗಣೇಶ, ವಿಐಪಿ, ಪರೀಕ್ಷೆ, ಪ್ರತಿಭಟನೆ. ನನ್ನ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಪಾಟಿ ಸವಾಲಿಗೆ ಬಂದಾಗ ಸಾಕ್ಷಿ ಕಟಕಟೆಯಲ್ಲೇ ನಿದ್ದೆಗಣ್ಣಿನಲ್ಲಿ ತೂಗಾಡಿದ್ದನ್ನು ನೋಡಿದ್ದೇನೆ. ಹಿಂದಿನ ರಾತ್ರಿಯ ಬಂದೋಬಸ್ತ್ ಮುಗಿಸಿ ನೇರ ಬಂದಿದ್ದರು. ಎದುರು ಪಕ್ಷದ ವಕೀಲೆ ನಾನು. ನ್ಯಾಯಾಧೀಶರಿಗೆ ಹೇಳಿ ಅವರನ್ನು ಕೂರಿಸಿದೆ.

2006ರ ಸೆಪ್ಟೆಂಬರ್‌ನಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು: ತನಿಖೆ ಮಾಡುವ ಪೊಲೀಸರು ಬೇರೆ ಇರಲಿ, ಕಾನೂನು ಸುವ್ಯವಸ್ಥೆ ನೋಡುವ ಪೊಲೀಸರು ಬೇರೆ ಇರಲಿ. ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ ಇರಲಿ. ಇಷ್ಟು ವರ್ಷವಾದರೂ ನಮ್ಮ ಬಹಳಷ್ಟು ಠಾಣೆಗಳಲ್ಲಿ ಬೆಳಿಗ್ಗೆ ಮೆರವಣಿಗೆ ಹಿಂದೆ ನಡೆದ ಎಸ್‌ಐ ಅವರೇ ಸಂಜೆ ಕೂತು ದೋಷಾರೋಪ ಪಟ್ಟಿ ಬರೆಯುತ್ತಾರೆ. ಪೊಲೀಸ್ ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯದ ಪಟ್ಟಿಯಲ್ಲಿದೆ. ಹಾಗಾಗಿ ಠಾಣೆಗೆ ಎಷ್ಟು ಜನ ಬೇಕು, ಅವರಿಂದ ಯಾವ ಕೆಲಸ ಮಾಡಿಸಬೇಕು ಎಂಬುದಕ್ಕೆ ದೆಹಲಿಯ ಕಡೆ ಬೊಟ್ಟು ಮಾಡಲು ನಮಗೆ ಬರುವುದಿಲ್ಲ.

ಇನ್ನು ಕಾನೂನಿನ ಕಡೆಗೆ ಬರುತ್ತೇನೆ, ಇದು ನನ್ನ ಕಸುಬಿನ ವಿಷಯ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಹಳೆಯ ಐಪಿಸಿಯಲ್ಲಿ ಭಯೋತ್ಪಾದನೆ ಅಂತ ಪ್ರತ್ಯೇಕ ಅಪರಾಧ ಇರಲಿಲ್ಲ. ಇದರ 113ನೇ ಕಲಂನಲ್ಲಿ ಇದೆ. ಭಯೋತ್ಪಾದನೆ ಕೇಸುಗಳಿಗೆ ಹಾಕುವ ಯುಎಪಿಎ ಎಂಬ 1967ರ ಕಾಯ್ದೆಯೂ ಹಾಗೆಯೇ ಉಳಿದಿದೆ. ಹಾಗಾದರೆ ಒಂದು ಕೃತ್ಯ ನಡೆದಾಗ ಯಾವುದನ್ನು ಹಾಕಬೇಕು? 113ನೇ ಕಲಂನ ವಿವರಣೆ ಹೇಳುತ್ತದೆ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತೀರ್ಮಾನಿಸಬೇಕು ಅಂತ. ಮಂಡ್ಯದಲ್ಲಾದರೆ ಎಸ್‌ಪಿ, ಮೈಸೂರು ನಗರದಲ್ಲಾದರೆ ಅದೇ ದರ್ಜೆಯ ಡಿಸಿಪಿ. ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಅದನ್ನು ಕಲಂ ಹೇಳುವುದಿಲ್ಲ.

ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. ಯುಎಪಿಎ ಹಾಕಿದರೆ ದೋಷಾರೋಪ ಪಟ್ಟಿ ಇಲ್ಲದೆ 180 ದಿನದವರೆಗೆ ಒಳಗಿಡಬಹುದು. ಅದರ 43ಡಿ(5)ನೇ ಕಲಂ ಪ್ರಕಾರ ಆರೋಪ ಮೇಲ್ನೋಟಕ್ಕೆ ನಿಜ ಅಂತ ಕೋರ್ಟಿಗೆ ಕಂಡರೆ ಜಾಮೀನು ಇಲ್ಲ. ಇನ್ನೊಂದು ಕಡೆ ಯುಎಪಿಎ ಅಡಿ ವಿಚಾರಣೆ ಶುರುವಾಗಲು ಸರ್ಕಾರದ ಅನುಮತಿ ಬೇಕು, ಅದೊಂದು ರಕ್ಷಣೆ. ಬರೀ 113 ಹಾಕಿದರೆ ಜಾಮೀನಿಗೆ ಆ ವಿಶೇಷ ಅಡ್ಡಿ ಇಲ್ಲ, ಆ ಅನುಮತಿಯ ರಕ್ಷಣೆಯೂ ಇಲ್ಲ. ಒಬ್ಬ ಮನುಷ್ಯನ ಎಷ್ಟೋ ವರ್ಷಗಳು ಒಬ್ಬ ಅಧಿಕಾರಿಯ ಮೇಜಿನ ಮೇಲೆ ಒಂದು ಸಹಿಯಲ್ಲಿ ತೀರ್ಮಾನವಾಗುತ್ತವೆ. ಟಾಡಾದಲ್ಲೂ ಎಸ್‌ಪಿ ದರ್ಜೆಯೇ ಇತ್ತು. ದರ್ಜೆ ದೊಡ್ಡದಿದ್ದ ಮಾತ್ರಕ್ಕೆ ಅನ್ಯಾಯ ಆಗುವುದಿಲ್ಲ ಎಂಬ ಭರವಸೆ ಮಾರ್ಟಳ್ಳಿ, ಹೂಗ್ಯಂನಂಥ ಆ ಕಾಡಂಚಿನ ಹಳ್ಳಿಗಳ ಜನರಿಗೆ ಕೆಲಸಕ್ಕೆ ಬರಲಿಲ್ಲ.

ಸುಪ್ರೀಂ ಕೋರ್ಟ್ ಕೆಲವು ಬಾಗಿಲು ತೆರೆದಿದೆ. 2021ರ ಕೆ.ಎ. ನಜೀಬ್ ತೀರ್ಪಿನಲ್ಲಿ, ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಯುಎಪಿಎ ಇದ್ದರೂ ಹೈಕೋರ್ಟ್, ಸುಪ್ರೀಂ ಕೋರ್ಟಿನಂಥ ಸಾಂವಿಧಾನಿಕ ನ್ಯಾಯಾಲಯ ಜಾಮೀನು ಕೊಡಬಹುದು ಎಂದಿತು. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ, ಬಂಧಿಸುವಾಗ ಕಾರಣಗಳನ್ನು ಬರೆದು ಕೊಡಲೇಬೇಕು ಎಂದಿತು. 2020ರ ಡಿಸೆಂಬರ್‌ನ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಗೂ ಸಿಸಿಟಿವಿ ಕಡ್ಡಾಯ ಮಾಡಿತು. ಈ ಮೂರನ್ನೂ ಪೊಲೀಸರು ತಮ್ಮ ಕೈ ಕಟ್ಟಿದ ಹಗ್ಗ ಅಂತ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಕಾರಣ ಬರೆದುಕೊಟ್ಟು ಬಂಧಿಸಿದ ಕೇಸು ಕೋರ್ಟಿನಲ್ಲಿ ನಿಲ್ಲುತ್ತದೆ. ಹೊಡೆದು ಬಾಯಿ ಬಿಡಿಸಿದ ಕೇಸು ಬಿದ್ದುಹೋಗುತ್ತದೆ, ಬೀಳುವಾಗ ನಿಜವಾದ ಅಪರಾಧಿಯನ್ನೂ ಬಿಡಿಸಿಕೊಂಡು ಹೋಗುತ್ತದೆ. ಇದನ್ನು ಆರೋಪಿ ಪರ ವಕೀಲೆಯಾಗಿ ಎಷ್ಟೋ ಸಲ ಗೆದ್ದು ನೋಡಿದವಳು ಹೇಳುತ್ತಿದ್ದೇನೆ.

ಮತ್ತೆ ಬಾಡಿಗೆ ಫಾರಂ ವಿಷಯಕ್ಕೆ. ಆ ಫಾರಂ ಬಂದ ಮೇಲೆ ನಮ್ಮ ಕಡೆ ಏನಾಯಿತೆಂದರೆ, ಮಾಲೀಕರು ಮನುಷ್ಯರನ್ನು ತಿಳಿದುಕೊಳ್ಳುವುದಕ್ಕಿಂತ ಹೆಸರು ಕೇಳಿಯೇ ಗೇಟು ಹಾಕುವುದು ಶುರುವಾಯಿತು. ರಾಯಚೂರು ಕಡೆಯ ಒಬ್ಬ ಹುಡುಗ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮುಸಲ್ಮಾನ. ಹೋದ ಕಡೆಯೆಲ್ಲ ‘ಮನೆ ಕೊಟ್ಟಾಯ್ತಪ್ಪ’ ಅಂತಲೇ ಉತ್ತರ, ‘ಮನೆ ಬಾಡಿಗೆಗಿದೆ’ ಬೋರ್ಡು ಮಾತ್ರ ಅಲ್ಲೇ ತೂಗುತ್ತಿತ್ತು. ಕೊನೆಗೆ ನನ್ನ ಆಫೀಸಿಗೆ ಬಂದ. ಕೂರು ಅಂದರೂ ಕೂರಲಿಲ್ಲ. ‘ಮೇಡಂರೀ, ನಾ ಚಲೋ ಮನಷ್ಯಾ ಅದೀನಿ ಅಂತ ಪೊಲೀಸರ ಕಡೆಯಿಂದ ಒಂದ್ ಸರ್ಟಿಫಿಕೇಟ್ ಕೊಡಸ್ತೀರೇನ್ರಿ?’ ಅಂದ. ಅವನಿಗೆ ಪೊಲೀಸ್ ವೆರಿಫಿಕೇಶನ್ ಅರ್ಜಿ ಹಾಕಿಸಿಕೊಟ್ಟೆ, ಬಂತು ಕೂಡ. ಅದನ್ನು ಹಿಡಿದುಕೊಂಡು ಹೋದರೂ ಮೊದಲ ಎರಡು ಕಡೆ ಮನೆ ಸಿಗಲಿಲ್ಲ. ಇಂಥ ಹುಡುಗ ನಾಳೆ ತನ್ನ ಪಕ್ಕದ ರೂಮಿನಲ್ಲಿ ಏನಾದರೂ ಅನುಮಾನದ್ದು ಕಂಡರೆ ಠಾಣೆಗೆ ಹೋಗಿ ಹೇಳುತ್ತಾನೆಯೇ? ಹೇಳಬೇಕು ಅಂತ ನಮಗೆ ಆಸೆ. ಹೋದರೆ ಮೊದಲು ತನ್ನನ್ನೇ ಕೂರಿಸುತ್ತಾರೆ ಎಂಬುದು ಅವನ ಭಯ. ಕುಂಬಾರಕೊಪ್ಪಲಾಗಲಿ, ಮಂಡಿ ಮೊಹಲ್ಲಾವಾಗಲಿ, ಉದಯಗಿರಿಯಾಗಲಿ, ಬೀದಿಯಲ್ಲಿ ಏನು ನಡೆಯುತ್ತಿದೆ ಅಂತ ಮೊದಲು ಗೊತ್ತಾಗುವುದು ಅಲ್ಲಿರುವವರಿಗೇ. ಅವರು ಬಾಯಿ ಬಿಡುವುದು ನಂಬಿಕೆ ಇದ್ದರೆ ಮಾತ್ರ.

ಕಾವಲು ಎಂಬುದನ್ನು ಕಾಯುವ ಪಡೆ ಬೇರೆ, ತಿಳಿದುಕೊಳ್ಳುವ ಪೊಲೀಸ್ ಬೇರೆ ಅಂತ ನಾವು ಬಿಡಿಸಿ ನೋಡಬೇಕು. ಕೆಆರ್‌ಎಸ್ ಅಣೆಕಟ್ಟೆಯನ್ನು ಈಗ ರಾಜ್ಯ ಕೈಗಾರಿಕಾ ಭದ್ರತಾ ಪಡೆ ಕಾಯುತ್ತದೆ. ಅರಮನೆಗೆ ಪ್ರತ್ಯೇಕ ಭದ್ರತಾ ಪೊಲೀಸರು ಇದ್ದಾರೆ. ಮೇಟಗಳ್ಳಿಯ ನೋಟು ಮುದ್ರಣಾಲಯಕ್ಕೆ ಕೇಂದ್ರದ ಸಿಐಎಸ್‌ಎಫ್. ಆ ಗೋಡೆಗಳ ಸುತ್ತ ಬಂದೂಕು ಹಿಡಿದು ನಿಲ್ಲುವ ಕೆಲಸ ಅವರದು, ಚೆನ್ನಾಗಿಯೇ ಮಾಡುತ್ತಾರೆ. ಆದರೆ ನೋಟು ಮುದ್ರಣಾಲಯದಿಂದ ಲೋಕನಾಯಕನಗರಕ್ಕೆ ಎಷ್ಟು ದೂರ ಅಂತ ನಮ್ಮ ಕಡೆಯವರಿಗೆ ಗೊತ್ತು. ಗೋಡೆಯ ಒಳಗೆ ಅಷ್ಟೊಂದು ಕಾವಲು, ಹೊರಗಿನ ಬೀದಿಯಲ್ಲಿ ತಿಳಿದುಕೊಳ್ಳುವವರು ಇಲ್ಲ.

ಅದಕ್ಕಾಗಿಯೇ 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಶುರು ಮಾಡಿದಾಗ ನನಗೆ ಸಂತೋಷವಾಯಿತು. ಬೀಟ್ ಪೊಲೀಸರು ಮನೆ ಬಾಗಿಲಿಗೇ ಬಂದು ಜನರ ಕಷ್ಟ ಕೇಳುವುದು, ಪರಿಚಯ ಮಾಡಿಕೊಳ್ಳುವುದು. ನಮ್ಮ ಬೀದಿಗೂ ಒಬ್ಬ ಹುಡುಗ ಬಂದ, ಕೆ.ಆರ್. ಪೇಟೆ ಕಡೆಯವನು, ಪೊಲೀಸ್ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದ. ಎದುರು ಮನೆಯ ವಿಧವೆ ಅಮ್ಮ ಒಬ್ಬರೇ ಇರುವುದು, ತಿರುವಿನಲ್ಲಿ ಬೀದಿ ದೀಪ ಉರಿಯದಿರುವುದು, ಖಾಲಿ ಸೈಟಿನಲ್ಲಿ ರಾತ್ರಿ ಹುಡುಗರು ಕುಡಿಯುವುದು, ಎಲ್ಲ ಬರೆದುಕೊಂಡ. ನಾನು ಕೇಳಿದೆ, ‘ಭಯೋತ್ಪಾದನೆ ಬಗ್ಗೆ ಟ್ರೇನಿಂಗಲ್ಲಿ ಏನಪ್ಪ ಹೇಳ್ಕೊಟ್ರು?’ ಅಂತ. ‘ಅನುಮಾನ ಬಂದ ವಸ್ತು ಮುಟ್ಟಬಾರದು, ಜನರನ್ನ ದೂರ ಕಳಿಸಿ ಮೇಲಿನವರಿಗೆ ತಿಳಿಸಬೇಕು ಅಂತ ಹೇಳ್ಕೊಟ್ಟಿದಾರೆ ಮೇಡಂ’ ಅಂದ. ಅದು ಸರಿಯೇ. ಅನುಮಾನ ಬಂದ ಮನುಷ್ಯನ ಬಗ್ಗೆ? ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ಅದು ಬೀದಿ ಗೊತ್ತಿದ್ರೆ ತಾನಾಗೇ ಗೊತ್ತಾಗುತ್ತೆ ಮೇಡಂ. ನನಗಿನ್ನೂ ಈ ಬೀದಿ ಗೊತ್ತಿಲ್ಲ.’

ಅವನು ಸರಿಯಾಗಿ ಹೇಳಿದ. ನಂತರ ಎರಡು ಸಲ ಬಂದ. ಎದುರು ಮನೆಯ ಅಮ್ಮನ ಗ್ಯಾಸ್ ಸಿಲಿಂಡರ್ ಎತ್ತಿಟ್ಟು ಹೋದನಂತೆ. ಆಮೇಲೆ ಬರಲಿಲ್ಲ. ದಸರಾ ಡ್ಯೂಟಿ, ಅದಾದ ಮೇಲೆ ಇನ್ಯಾವುದೋ ಬಂದೋಬಸ್ತ್, ಆಮೇಲೆ ಬೇರೆ ಠಾಣೆಗೆ ಹಾಕಿದರು ಅಂತ ತಿಳಿಯಿತು. ಅವನ ಬದಲಿಗೆ ಬಂದವರು ಮೊದಲಿಂದ ಮತ್ತೆ ನಮ್ಮ ಹೆಸರು, ಫೋನ್ ನಂಬರು ಬರೆದುಕೊಂಡರು. ಹಿಂದಿನವನು ಬರೆದುಕೊಂಡದ್ದು ಏನಾಯಿತು ಅಂದರೆ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಬಡಾವಣೆಯ ಕೆಲವರು ಸೇರಿ ಕಮಿಷನರ್ ಕಚೇರಿಗೆ ಕಳೆದ ತಿಂಗಳು ಒಂದು ಮನವಿ ಕೊಟ್ಟಿದ್ದೇವೆ. ಬರೆದವಳು ನಾನು. ಸಹಿ ಹಾಕಿದವರಲ್ಲಿ ಎದುರು ಮನೆಯ ಅಮ್ಮನೂ ಇದ್ದಾರೆ, ರಾಯಚೂರಿನ ಹುಡುಗನೂ ಇದ್ದಾನೆ. ಅವನಿಗೆ ಕೊನೆಗೆ ನಮ್ಮ ಹಿಂದಿನ ಬೀದಿಯಲ್ಲೇ ಮನೆ ಸಿಕ್ಕಿದೆ. ಕೇಳಿರುವುದು ಮೂರು ವಿಷಯ. ಬೀಟ್ ಪೊಲೀಸರನ್ನು ಒಂದು ಬಡಾವಣೆಯಲ್ಲಿ ಕನಿಷ್ಠ ಎರಡು ವರ್ಷ ಇಡಬೇಕು, ತೀರಾ ಅನಿವಾರ್ಯವಾದರೆ ಬಿಟ್ಟು ಬಂದೋಬಸ್ತಿಗೆ ಎಳೆಯಬಾರದು. ವರ್ಗವಾಗಿ ಹೋಗುವವರು ಬರುವವರನ್ನು ಕರೆದುಕೊಂಡು ಬೀದಿ ಸುತ್ತಿ ಪರಿಚಯ ಮಾಡಿಸಿ ಹೋಗಬೇಕು. ಬಾಡಿಗೆದಾರರ ಫಾರಂ ಬಂದ ಮೇಲೆ ಬೀಟ್‌ನವರು ಆ ಮನೆಗೆ ಒಮ್ಮೆಯಾದರೂ ಹೋಗಿ, ಬಾಡಿಗೆದಾರರ ಮುಖ ನೋಡಿ ಮಾತಾಡಿಸಬೇಕು. ಹಾಗೆ ಹೋದಾಗ ಅವರ ಜಾತಿ ಧರ್ಮ ಕೇಳಬಾರದು ಎಂಬ ಸಾಲು ಸೇರಿಸೋಣ ಅಂದದ್ದು ಎದುರು ಮನೆಯ ಅಮ್ಮ. ಸೇರಿಸಿದೆವು. ಸ್ವೀಕೃತಿಯ ಸೀಲು ಹಾಕಿ ಒಂದು ಪ್ರತಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ. ಕುಂಬಾರಕೊಪ್ಪಲು, ಮೇಟಗಳ್ಳಿ, ಹೆಬ್ಬಾಳ ಕಡೆಯವರು ಯಾರಾದರೂ ಜೊತೆ ಬರುವುದಿದ್ದರೆ ಕೋರ್ಟಿನ ಆವರಣದಲ್ಲಿ ನನ್ನನ್ನು ಕಾಣಿ.